ಹತ್ತು ಸಾವಿರ ರೂಪಾಯಿ, ಮನೆ ತುಂಬ ಮಗ್ಗದ ಸಪ್ಪಳ: ಮೊದಲ ಹೆಡ್‌ಫೋನ್ ಯಾವುದು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಬನಹಟ್ಟಿಯವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಹಿಂದೂಸ್ತಾನಿ ಗಾಯನ, ಭಜನೆ, ನಮ್ಮ ಕಡೆಯ ಜಾನಪದ, ಸಿನಿಮಾ ಹಾಡು ಎಲ್ಲ ಕೇಳುತ್ತೇನೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಬೇಕು ಅಂತ ಹತ್ತು ಸಾವಿರ ಕೂಡಿಸಿದ್ದೇನೆ. ಅಷ್ಟೇ ದುಡ್ಡಿಗೆ 300 ಓಮ್‌ನ ಓಪನ್ ಬ್ಯಾಕ್ ಹೆಡ್‌ಫೋನ್ ಒಂದು ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಡ್ಯಾಕ್, ಆ್ಯಂಪ್ ಇಲ್ಲದೆ ಅದು ಕೆಲಸಕ್ಕೆ ಬರಲ್ಲ ಅಂತ ಕೆಲವರು ಹೇಳುತ್ತಾರೆ. ಗೆಳೆಯ ಸುಮ್ನೆ ವೈರ್‌ಲೆಸ್ ತಗೋ ಅಂತಾನೆ. ಮನೆಯಲ್ಲಿ ಪವರ್‌ಲೂಮ್ ಇದೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಓಡುತ್ತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಕೊನೆಗೆ ಬರೆದಿದ್ದೀರಿ. ಮನೆಯಲ್ಲಿ ಪವರ್‌ಲೂಮ್ ಓಡುತ್ತೆ ಅನ್ನೋದು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಓಡಾಡಿದವರಿಗೆ ಆ ಸಪ್ಪಳ ಗೊತ್ತು. ಅದು ನಿಂತರೇನೇ ಕರೆಂಟ್ ಹೋಯ್ತಾ ಅಂತ ಜನ ಹೊರಗೆ ಬಂದು ನೋಡುತ್ತಾರೆ. ಲಾಳಿ ಬಡಿಯುವ ಶೆಡ್ ಒಳಗೆ ಸದ್ದು 90 ಡೆಸಿಬಲ್ ದಾಟುತ್ತೆ, ಪಕ್ಕದ ಕೋಣೆಯಲ್ಲೂ ಅದರಿಂದ ಪೂರ್ತಿ ತಪ್ಪಿಸಿಕೊಳ್ಳೋಕಾಗಲ್ಲ. ಹಾಗಾಗಿ ಯಾವ ಕಂಪನಿ, ಎಷ್ಟು ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ) ಅನ್ನೋದೆಲ್ಲ ಆಮೇಲೆ. ನೀವು ಎಲ್ಲಿ ಕೂತು ಕೇಳುತ್ತೀರಿ ಅನ್ನೋದರ ಮೇಲೆ ಮೊದಲ ಖರೀದಿ ನಿಂತಿದೆ.

ಓಪನ್ ಬ್ಯಾಕ್ ಅಂದರೆ ಕಪ್‌ನ ಹಿಂಬದಿ ಮುಚ್ಚಿರಲ್ಲ, ಬರೀ ಜಾಲರಿ ಇರುತ್ತೆ. ಒಳಗಿನ ಸದ್ದು ಹೊರಗೆ ಹೋಗುತ್ತೆ, ಹೊರಗಿನದು ನೇರ ಒಳಗೆ ಬರುತ್ತೆ. 1968ರಲ್ಲಿ ಸೆನ್‌ಹೈಸರ್‌ನವರು ಎಚ್‌ಡಿ 414 ಅನ್ನೋ ಮಾದರಿಯಿಂದ ಈ ಪದ್ಧತಿ ಶುರು ಮಾಡಿದರು. ಸದ್ದು ಕಪ್‌ನೊಳಗೆ ಬಡಿದು ವಾಪಸ್ ಬರಲ್ಲ, ಹಾಡು ತಲೆಯೊಳಗೆ ಸಿಕ್ಕಿಕೊಂಡಂತೆ ಅನ್ನಿಸಲ್ಲ, ಕಿವಿ ಸುತ್ತ ಗಾಳಿ ಆಡುತ್ತೆ. ಸುಮ್ಮನಿರುವ ಕೋಣೆಯಲ್ಲಿ ತಂಬೂರಿ ಹಿಡಿದ ಒಂದು ದೊಡ್ಡ ಖ್ಯಾಲನ್ನು ಒಳ್ಳೆಯ ಓಪನ್ ಬ್ಯಾಕ್‌ನಲ್ಲಿ ಕೇಳಿದವರಿಗೆ ಬೇರೆ ಏನೂ ಬೇಡ ಅನ್ನಿಸೋದು ನಿಜ. ಆದರೆ ಮಗ್ಗ ಓಡುವ ಮನೆಯಲ್ಲಿ ಅದು ಮಳೆಯಲ್ಲಿ ಬಟ್ಟೆ ಇಲ್ಲದ ಕೊಡೆ ಹಿಡಿದ ಹಾಗೆ. ಈಗ ಬೇಡ. ಆ ಹೆಡ್‌ಫೋನ್ ಬಗ್ಗೆ ಕೊನೆಗೆ ಮತ್ತೆ ಹೇಳುತ್ತೇನೆ, ಯಾಕಂದರೆ ಅದಕ್ಕೂ ಒಂದು ಕಾಲ ಬರುತ್ತೆ.

ನಿಮಗೆ ಬೇಕಾಗಿರೋದು ಕಿವಿಯೊಳಗೆ ಕೂರುವ ವೈರ್ ಇಯರ್‌ಫೋನ್. ಈ ಹವ್ಯಾಸದವರು ಐಇಎಂ ಅಂತಾರೆ. ಸ್ಟೇಜ್ ಮೇಲೆ ಹಾಡುವವರು ತಮ್ಮ ದನಿ ತಾವೇ ಕೇಳಿಸಿಕೊಳ್ಳೋಕೆ ಹಾಕುತ್ತಾರಲ್ಲ, ಅದೇ ಜಾತಿ. ಅದರ ಮೂತಿಗೆ ಹಾಕುವ ಮೆತ್ತನೆಯ ಟಿಪ್ ಕಿವಿಯನ್ನು ಸರಿಯಾಗಿ ಮುಚ್ಚಿದರೆ ಹೊರಗಿನ ಸದ್ದು 20 ಡೆಸಿಬಲ್ ಆಸುಪಾಸು ಇಳಿಯುತ್ತೆ, ಅದಕ್ಕೆ ಬ್ಯಾಟರಿ ಬೇಡ, ಯಾವ ಎಲೆಕ್ಟ್ರಾನಿಕ್ಸೂ ಬೇಡ. ನಾಯ್ಸ್ ಕ್ಯಾನ್ಸಲಿಂಗ್ ಇರುವ ವೈರ್‌ಲೆಸ್ ತಗೊಂಡರೆ ಆಗಲ್ವಾ ಅಂತ ಗೆಳೆಯ ಕೇಳಬಹುದು. ಆ ತಂತ್ರ ಹೊರಗಿನ ಸದ್ದನ್ನು ಮೈಕ್‌ನಿಂದ ಹಿಡಿದು ಅದಕ್ಕೆ ಉಲ್ಟಾ ಅಲೆ ಹುಟ್ಟಿಸುತ್ತೆ. ಬಸ್ ಇಂಜಿನ್, ಫ್ಯಾನ್, ರೈಲಿನ ಗುಂಯ್ ತರಹ ಒಂದೇ ಸಮ ಬರುವ ತಗ್ಗು ದನಿಗೆ ಅದು ತುಂಬ ಛಲೋ. ಮಗ್ಗದ್ದು ಹಾಗಲ್ಲ. ಲಾಳಿ ಒಂದೊಂದು ಸಲ ಬಡಿದಾಗಲೂ ಕಟ್ ಅಂತ ಚೂಪಾದ ಪೆಟ್ಟು, ಅದರಲ್ಲಿ ಮೇಲಿನ ದನಿಗಳೇ ಜಾಸ್ತಿ. ಅಂಥ ಕಡೆ ಕ್ಯಾನ್ಸಲಿಂಗ್ ಅರ್ಧಂಬರ್ಧ ಕೆಲಸ ಮಾಡುತ್ತೆ, ಕಿವಿ ಮುಚ್ಚಿದ ಟಿಪ್ಪೇ ಹೆಚ್ಚು ತಡೆಯುತ್ತೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಶೆಡ್ ಒಳಗೆ ಕೆಲಸ ಮಾಡುವಾಗ ಹಾಡು ಕೇಳಬೇಡಿ. ಸಪ್ಪಳ ಮುಚ್ಚಲಿ ಅಂತ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ, ಆಗ ಕಿವಿಗೆ ಎರಡು ಕಡೆಯಿಂದಲೂ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತೆ. 83ಕ್ಕೆ 20 ಗಂಟೆ, 86ಕ್ಕೆ 10. ಹೀಗೆ 90ಕ್ಕೆ ಬರುವ ಹೊತ್ತಿಗೆ ವಾರಕ್ಕೆ ಸುಮಾರು 4 ಗಂಟೆ ಅಷ್ಟೆ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರು ಆ ಲೆಕ್ಕವನ್ನು ಹಾಡು ಕೇಳುವ ಮೊದಲೇ ದಾಟಿರುತ್ತಾರೆ. ಒಳಗಿವಿಯ ಸಣ್ಣ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ, ಅದಕ್ಕೆ ಮದ್ದಿಲ್ಲ. ಮೊದಲು ಹೋಗೋದು ಮೇಲಿನ ದನಿಗಳು, ಅಂದರೆ ನೀವು ದುಡ್ಡು ಕೊಟ್ಟು ಕೇಳಬೇಕು ಅಂತಿರುವ ಆ ಸೂಕ್ಷ್ಮಗಳೇ. ಮೆಡಿಕಲ್ ಅಂಗಡಿಯಲ್ಲಿ ಫೋಮ್ ಇಯರ್‌ಪ್ಲಗ್ ಕಡಿಮೆ ರೊಕ್ಕಕ್ಕೆ ಸಿಗುತ್ತೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗವನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ನಿಮಗಷ್ಟೇ ಅಲ್ಲ, ಮಗ್ಗದ ಮುಂದೆ ನಿಲ್ಲುವ ಅಪ್ಪ ಅವ್ವನಿಗೂ ಕೊಡಿಸಿ. ಹತ್ತು ಸಾವಿರದಲ್ಲಿ ಮೊದಲ ನೂರು ರೂಪಾಯಿ ಅದಕ್ಕೆ ಹೋಗಲಿ. ರಾತ್ರಿ ಮಲಗಿದಾಗ ಕಿವಿಯಲ್ಲಿ ಕುಂಯ್ ಅನ್ನೋದು ಈಗಾಗಲೇ ಶುರುವಾಗಿದ್ದರೆ ಇಯರ್‌ಫೋನ್ ಖರೀದಿ ಬದಿಗಿಟ್ಟು ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ಆಡಿಯೊಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ ಮಾಡಿಸಿ.

ಈಗ ಖರೀದಿಗೆ ಬರೋಣ. ಹೊಸಬರ ತಲೆಯಲ್ಲಿ ಕೂತಿರುವ ನಂಬಿಕೆ ಅಂದರೆ ಬೆಲೆ ಏರಿದಷ್ಟೂ ಸದ್ದು ಚೆನ್ನಾಗಿರುತ್ತೆ ಅನ್ನೋದು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿದರು. ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಅಂದರೆ ತಗ್ಗು ದನಿಯಿಂದ ಮೇಲಿನ ದನಿಯವರೆಗೆ ಯಾವುದನ್ನು ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋ ಗೆರೆ. ನಾವು ಸದ್ದಿನ ಗುಣ ಅಂತ ಕರೆಯೋದರಲ್ಲಿ ದೊಡ್ಡ ಪಾಲು ಇದೇ. ನಮ್ಮ ಹೊರಗಿವಿ, ಕಿವಿಯ ಕಾಲುವೆ ಎರಡೂ ಸೇರಿ 3 ಕಿಲೋಹರ್ಟ್ಜ್ ಸುತ್ತಮುತ್ತಲ ದನಿಯನ್ನು ತಾವಾಗಿಯೇ ಎತ್ತುತ್ತವೆ. ಕಿವಿಯೊಳಗೆ ಕೂತ ಇಯರ್‌ಫೋನ್ ಆ ಸಹಜ ಏರಿಕೆಯನ್ನು ಕೆಡಿಸುತ್ತೆ, ಅದಕ್ಕೇ ತಯಾರಕರು ಅದನ್ನು ಮತ್ತೆ ಸೇರಿಸಬೇಕು. ಎಷ್ಟು ಸೇರಿಸಬೇಕು, ಬೇಸ್ ಎಷ್ಟಿರಬೇಕು ಅನ್ನೋದನ್ನು ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012-13ರಿಂದ ಜನರಿಗೆ ಕೇಳಿಸಿ ಕೇಳಿಸಿ ಹುಡುಕಿದರು. ಅದರಿಂದ ಬಂದದ್ದು ಹರ್ಮನ್ ಟಾರ್ಗೆಟ್. ಈಗ ಚೀನಾದ ಸಣ್ಣ ಕಂಪನಿಗಳೂ ಅದಕ್ಕೆ ಹತ್ತಿರ ಇರುವ ಇಯರ್‌ಫೋನ್‌ಗಳನ್ನು ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಕೊಡುತ್ತಿವೆ. ಮೂನ್‌ಡ್ರಾಪ್ ಚು, 7ಹರ್ಟ್ಜ್ ಝೀರೋ, ಟ್ರೂಥಿಯರ್ ಹೋಲಾ ಇಂಥವು. ಈ ಮೂರರಲ್ಲಿ ಯಾವುದು ತಗೊಂಡರೂ ನೀವು ಮೋಸ ಹೋಗಲ್ಲ. ಬಾಕ್ಸ್ ಮೇಲೆ ಎಕ್ಸ್‌ಟ್ರಾ ಬೇಸ್ ಅಂತ ದೊಡ್ಡದಾಗಿ ಬರೆದದ್ದನ್ನು ಮಾತ್ರ ಬಿಡಿ. ಟ್ರ್ಯಾಕ್ಟರ್‌ಗೆ ಕಟ್ಟಿದ ಡಿಜೆ ಕೇಳಿ ಬೆಳೆದ ನಮಗೆ ಎದೆಗೆ ಗುದ್ದುವ ಬೇಸ್ ಇಷ್ಟ ಅನ್ನೋದು ಸಹಜ. ಆದರೆ ಹಾಗೆ ಉಬ್ಬಿಸಿದ ಬೇಸ್ ಗಾಯಕರ ದನಿಯ ಮೇಲೆ ಬಂದು ಕೂರುತ್ತೆ.

ಇಯರ್‌ಫೋನ್ ಕೈಗೆ ಬಂದ ದಿನ ಹಾಡು ಹಾಕುವ ಮೊದಲು ಟಿಪ್ ಹೊಂದಿಸಿ. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ‘ಇದರಲ್ಲಿ ಬೇಸೇ ಇಲ್ಲ’ ಅಂತ ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ಬಾಕ್ಸ್‌ನಲ್ಲಿ ಸಣ್ಣ, ನಡುವಿನ, ದೊಡ್ಡ ಅಳತೆಯ ಸಿಲಿಕಾನ್ ಟಿಪ್‌ಗಳಿರುತ್ತವೆ. ಮೊದಲು ನಡುವಿನದು ಹಾಕಿ, ಬಾಯಿ ಸ್ವಲ್ಪ ತೆರೆದು, ಕಿವಿಯನ್ನು ಮೇಲಕ್ಕೆ ಎಳೆದು ಇಯರ್‌ಫೋನನ್ನು ಮೆಲ್ಲಗೆ ತಿರುಗಿಸುತ್ತ ಕೂರಿಸಿ. ಈಗ ಹಾಡು ಇಲ್ಲದೆ ಹೂಂ ಅಂತ ಗುನುಗಿ. ಎರಡೂ ಕಿವಿ ಸರಿಯಾಗಿ ಮುಚ್ಚಿದ್ದರೆ ನಿಮ್ಮ ದನಿ ತಲೆಯ ನಡುವೆ ದಪ್ಪಗೆ ಕೇಳುತ್ತೆ. ಒಂದು ಕಡೆ ವಾಲಿದಂತೆ ಕೇಳಿದರೆ, ದನಿ ತೆಳ್ಳಗಿರುವ ಕಡೆ ಸಂದಿ ಇದೆ ಅಂತ ಅರ್ಥ. ಆಮೇಲೆ ತಬಲಾ ಇರುವ ಹಾಡು ಹಾಕಿ ಇಯರ್‌ಫೋನನ್ನು ಬೆರಳಿನಿಂದ ಕೊಂಚ ಒಳಗೆ ಒತ್ತಿ ನೋಡಿ. ಒತ್ತಿದಾಗ ಬೇಸ್ ಥಟ್ಟನೆ ಜಾಸ್ತಿಯಾಗಿ ಬಿಟ್ಟಾಗ ಇಳಿದರೆ ಟಿಪ್ ಸಣ್ಣದಾಯ್ತು. ಎಡಗಿವಿ ಬಲಗಿವಿ ಎರಡೂ ಒಂದೇ ಅಳತೆ ಇರಬೇಕಂತ ಇಲ್ಲ, ಒಂದಕ್ಕೆ ದೊಡ್ಡದು ಇನ್ನೊಂದಕ್ಕೆ ನಡುವಿನದು ಹಾಕಿಕೊಳ್ಳೋದು ಅಗದಿ ಸಹಜ. ಸಿಲಿಕಾನ್ ಯಾವುದೂ ಕೂರದಿದ್ದರೆ ಫೋಮ್ ಟಿಪ್ ತಗೊಳ್ಳಿ. ಮಗ್ಗದ ಸಪ್ಪಳ ತಡೆಯೋಕೂ ಅದೇ ಮೇಲು, ಆದರೆ ಅದು ಬೇಗ ಸವೆಯುತ್ತೆ, ಮೇಲಿನ ದನಿಯನ್ನು ಒಂಚೂರು ಮೆತ್ತಗೂ ಮಾಡುತ್ತೆ.

ಡ್ಯಾಕ್, ಆ್ಯಂಪ್ ಬೇಕಾ ಅಂತ ಕೇಳಿದ್ದೀರಿ. ಡಿಪ್ಲೊಮಾ ಓದುತ್ತಿದ್ದೀರಿ, ಹಾಗಾಗಿ ಲೆಕ್ಕವನ್ನೇ ಹಾಕಿ ನೋಡೋಣ. ಡ್ಯಾಕ್ ಅಂದರೆ ಫೈಲ್‌ನಲ್ಲಿರುವ ಅಂಕಿಗಳನ್ನು ವೋಲ್ಟೇಜ್ ಮಾಡುವ ಭಾಗ, ಆ್ಯಂಪ್ ಅದಕ್ಕೆ ಬಲ ಕೊಡುವ ಭಾಗ. ಎರಡೂ ಯುಎಸ್‌ಬಿ-ಸಿ ಯಿಂದ 3.5 ಎಂಎಂ ಜ್ಯಾಕ್‌ಗೆ ಬದಲಿಸುವ ಒಂದು ಸಣ್ಣ ಡಾಂಗಲ್ ಒಳಗೇ ಇರುತ್ತವೆ. ಅಂಥ ಒಂದು ಡಾಂಗಲ್ 1 ವೋಲ್ಟ್ ಕೊಡುತ್ತೆ ಅಂತ ಇಟ್ಟುಕೊಳ್ಳಿ. ನಿಮ್ಮ ಇಯರ್‌ಫೋನ್ 32 ಓಮ್, ಸೆನ್ಸಿಟಿವಿಟಿ, ಅಂದರೆ ಕೊಟ್ಟ ಬಲಕ್ಕೆ ಎಷ್ಟು ಜೋರು ಅನ್ನೋದು, 1 ಮಿಲಿವ್ಯಾಟ್‌ಗೆ 105 ಡೆಸಿಬಲ್. ವೋಲ್ಟೇಜ್‌ನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಸುಮಾರು 31 ಮಿಲಿವ್ಯಾಟ್ ಬರುತ್ತೆ, ಅಂದರೆ 15 ಡೆಸಿಬಲ್ ಕೂಡಬೇಕು. ಒಟ್ಟು 120. ಅಷ್ಟು ಸದ್ದನ್ನು ಯಾರೂ ಕೇಳಬಾರದು! ಇಂಥ ಇಯರ್‌ಫೋನ್‌ಗೆ ಬೇರೆ ಆ್ಯಂಪ್ ಯಾಕೆ ಬೇಕು ಹೇಳಿ? ಈಗ ಅದೇ ಡಾಂಗಲ್‌ಗೆ ಸೆನ್‌ಹೈಸರ್ ಎಚ್‌ಡಿ 600 ಹಾಕಿ. 300 ಓಮ್, 1 ವೋಲ್ಟ್‌ಗೆ 97 ಡೆಸಿಬಲ್ ಅಂತ ಕಂಪನಿಯೇ ಬರೆದಿದೆ. ಅದು ಫೈಲ್‌ನ ತುತ್ತತುದಿಯ ಮಟ್ಟ, ಹಾಡಿನ ಸರಾಸರಿ ಅದಕ್ಕಿಂತ ಬಹಳ ಕೆಳಗಿರುತ್ತೆ. ಸುಮ್ಮನಿರುವ ಕೋಣೆಯಲ್ಲಿ ಸಿನಿಮಾ ಹಾಡಿಗೆ ಸಾಕಾಗುತ್ತೆ, ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಆದ ಹಳೆಯ ಕಛೇರಿಗೆ ಸಾಲಲಿಕ್ಕಿಲ್ಲ. ಅಂದರೆ ನಿಮಗೆ ಯಾರೋ ಹೇಳಿದ ಮಾತು ಅರ್ಧ ನಿಜ.

ಬರೀ ಓಮ್ ನೋಡಿ ಯಾವತ್ತೂ ತೀರ್ಮಾನ ಮಾಡಬೇಡಿ. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಅನ್ನೋ ಹೆಡ್‌ಫೋನ್ ಬರೀ 25 ಓಮ್ ಇದೆ, ಆದರೆ ಸೆನ್ಸಿಟಿವಿಟಿ 91 ಡೆಸಿಬಲ್ ಅಷ್ಟೇ ಇರೋದರಿಂದ ಅದಕ್ಕೂ ಬಲ ಬೇಕು. ಸೆನ್ಸಿಟಿವಿಟಿ ಅಂಕಿಯನ್ನು ಕೆಲವರು ಮಿಲಿವ್ಯಾಟ್‌ಗೆ ಬರೆಯುತ್ತಾರೆ, ಕೆಲವರು ವೋಲ್ಟ್‌ಗೆ. ಎರಡನ್ನೂ ಒಂದೇ ಅಳತೆಗೆ ತಂದ ಮೇಲೆ ಹೋಲಿಸಿ. ಇನ್ನೊಂದು ವಿಷಯ, ಡಾಂಗಲ್‌ನ ಔಟ್‌ಪುಟ್ ಇಂಪೀಡೆನ್ಸ್ (ಡಾಂಗಲ್‌ನದೇ ಒಳಗಿನ ತಡೆ) ಇಯರ್‌ಫೋನ್‌ನ ಓಮ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಲಿ. 32 ಓಮ್‌ಗೆ 4ರ ಒಳಗೆ. ಒಂದೇ ಡೈನಾಮಿಕ್ ಡ್ರೈವರ್ (ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನ್‌ಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ಆರ್ಮೇಚರ್ ಅನ್ನೋ ಬೇರೆ ಜಾತಿಯ ಸಣ್ಣ ಡ್ರೈವರ್ ನಾಲ್ಕೈದು ಇರುವವುಗಳಲ್ಲಿ ಮಾತ್ರ ಸದ್ದಿನ ಬಣ್ಣವೇ ಬದಲಾಗುತ್ತೆ. ಫೋನ್‌ನಲ್ಲಿ ಜ್ಯಾಕ್ ಇದ್ದರೆ ಅದರಿಂದಲೇ ಶುರು ಮಾಡಿ. ಇಲ್ಲದಿದ್ದರೆ ಒಂದು ಡಾಂಗಲ್ ಸಾಕು. ಆ್ಯಪಲ್‌ನ ಡಾಂಗಲ್ ಅಳತೆಯಲ್ಲಿ ಬಹಳ ಚೆನ್ನಾಗಿದೆ, ಆದರೆ ಕೆಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ತೀರಾ ಕಡಿಮೆ ಬರುತ್ತೆ, ನಿಮ್ಮ ಫೋನ್‌ಗೆ ಹಾಕಿ ನೋಡಿ ತಗೊಳ್ಳಿ.

ಈಗ ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ. ಯಾವ ಹಾಡು ಹಾಕಿ ಪರೀಕ್ಷೆ ಮಾಡಬೇಕು? ಇಂಗ್ಲಿಷ್ ವಿಡಿಯೊಗಳಲ್ಲಿ ಹೇಳುವ ಜಾಝ್, ರಾಕ್ ಹಾಡುಗಳು ನಿಮಗೆ ಗೊತ್ತಿಲ್ಲದಿದ್ದರೆ ಅವು ನಿಮಗೆ ಏನೂ ಹೇಳಲ್ಲ. ನಿಮ್ಮ ಕಿವಿಗೆ ಬಾಯಿಪಾಠ ಆಗಿರೋದನ್ನೇ ಹಾಕಿ. ತಂಬೂರಿಯಿಂದ ಶುರು ಮಾಡಿ. ನಮ್ಮ ಬೆಳಗಾವಿಗೆ ಹತ್ತಿರದ ಮೀರಜ್‌ನಲ್ಲಿ ತಂಬೂರಿ ಮಾಡುವವರು ತಂತಿಗೂ ಅದನ್ನು ಹೊತ್ತಿರುವ ಕುದುರೆಗೂ (ಬ್ರಿಡ್ಜ್) ನಡುವೆ ಒಂದು ನೂಲಿನ ಎಳೆ ಸೇರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ ಹೊಂದಿಸುತ್ತಾರೆ. ಆ ಎಳೆಯಿಂದಲೇ ಒಂದೇ ತಂತಿಯಲ್ಲಿ ಹತ್ತಾರು ಮೇಲಿನ ಸ್ವರಗಳು ಒಂದಾದ ಮೇಲೊಂದು ಅರಳುತ್ತವೆ. ಒಳ್ಳೆಯ ಇಯರ್‌ಫೋನ್‌ನಲ್ಲಿ ಆ ಅರಳುವಿಕೆ ಮೇಲಿನವರೆಗೆ ಬಿಟ್ಟೂಬಿಡದೆ ಸಾಗುತ್ತೆ. ಮೇಲಿನ ದನಿ ಕಡಿಮೆ ಇದ್ದರೆ ತಂಬೂರಿ ಬರೀ ಗುಂಯ್ ಅನ್ನುತ್ತೆ, ಎಲ್ಲೋ ಒಂದು ಕಡೆ ಜಾಸ್ತಿ ಇದ್ದರೆ ತಗಡಿನ ಸದ್ದು ಬರುತ್ತೆ.

ಆಮೇಲೆ ತಬಲಾದ ಡಗ್ಗಾ, ಅಂದರೆ ಜೋಡಿಯಲ್ಲಿ ತಗ್ಗು ದನಿಯದು, ಅದನ್ನು ಕೇಳಿ. ಅಂಗೈಯ ಬುಡದಿಂದ ಒತ್ತಿ ಜಾರಿಸಿದಾಗ ದನಿ ಬಾಗಿ ಏರುತ್ತಲ್ಲ, ಆ ಬಾಗು ಸ್ಪಷ್ಟವಾಗಿ ಕೇಳಬೇಕು. ಬೇಸ್ ಊದಿಕೊಂಡಿರುವ ಇಯರ್‌ಫೋನ್‌ನಲ್ಲಿ ಎಲ್ಲ ಪೆಟ್ಟೂ ಒಂದೇ ಧಬ್ ಆಗಿಬಿಡುತ್ತೆ. ಗಾಯನಕ್ಕೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ಕೇಳಿ. ಕ್ಷಯ ಅವರ ಶ್ವಾಸಕೋಶಕ್ಕೆ ಪೆಟ್ಟು ಕೊಟ್ಟ ಮೇಲೆ ಅವರ ಹಾಡಿಕೆ ಸಣ್ಣ ಸಣ್ಣ ಉಸಿರಿನ ತುಣುಕುಗಳಲ್ಲಿ ಬಂತು. ಒಂದು ತುಣುಕು ಮುಗಿದು ಇನ್ನೊಂದು ಶುರುವಾಗುವ ಮೊದಲು ಎಳೆದುಕೊಳ್ಳುವ ಆ ಉಸಿರು, ದನಿ ಥಟ್ಟನೆ ಏರಿ ಥಟ್ಟನೆ ಮೆತ್ತಗಾಗೋದು, ಫೋನ್ ಸ್ಪೀಕರ್‌ನಲ್ಲಿ ಇದು ಯಾವುದೂ ಕೇಳಲ್ಲ. ಒಳ್ಳೆಯ ಇಯರ್‌ಫೋನ್ ತಗೊಳ್ಳೋದು ಇದಕ್ಕೇ. ಕೊನೆಗೆ ಕರಡಿ ವಾದ್ಯದ ಜೊತೆ ಶಹನಾಯಿ ಊದುವ ನಮ್ಮ ಕರಡಿ ಮಜಲಿನ ರೆಕಾರ್ಡಿಂಗ್ ಸಿಕ್ಕರೆ ಅದನ್ನು ಹಾಕಿ. ಶಹನಾಯಿ ಚುಚ್ಚಿ ಕಿವಿ ಹಿಂದೆಗೆದರೆ 3ರಿಂದ 5 ಕಿಲೋಹರ್ಟ್ಜ್ ಜಾಸ್ತಿ ಇದೆ. ಗಾಯಕರ ಸ, ಶ ಅಕ್ಷರಗಳು ಚುರ್ ಅಂದರೆ 6ರಿಂದ 8ರ ಸುತ್ತ ಜಾಸ್ತಿ ಇದೆ. ಹಳೆಯ ಗ್ರಾಮಫೋನ್ ತಟ್ಟೆಯಿಂದ ತೆಗೆದ ಮೂರು ನಿಮಿಷದ ಹಾಡುಗಳನ್ನು ಜಾಸ್ತಿ ಕೇಳುವವರಾದರೆ ಮೇಲಿನ ದನಿ ಮೆತ್ತಗಿರುವ ಇಯರ್‌ಫೋನೇ ಒಳ್ಳೆಯದು, ಇಲ್ಲಾಂದರೆ ಹಾಡಿಗಿಂತ ತಟ್ಟೆಯ ಚರಚರ ಮುಂದೆ ಬರುತ್ತೆ.

ಹೋಲಿಕೆ ಮಾಡುವಾಗ ಒಂದು ನಿಯಮವನ್ನು ಬಿಡಬೇಡಿ. ನನ್ನ ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ. ಎರಡರ ಸದ್ದಿನ ಮಟ್ಟ ಸಮ ಮಾಡದೆ ಹೋಲಿಸಬಾರದು. ಕೊಂಚ ಜೋರಾಗಿರೋದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತೆ. ಸದ್ದು ಏರಿದಂತೆ ನಮ್ಮ ಕಿವಿ ಬೇಸ್ ಹಾಗೂ ತೀರಾ ಮೇಲಿನ ದನಿಗಳನ್ನು ಹೆಚ್ಚು ಹಿಡಿಯುತ್ತೆ, ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಒಂದು ಡೆಸಿಬಲ್ ಜಾಸ್ತಿ ಇದ್ದರೆ ಅದು ಜೋರಾಗಿದೆ ಅಂತ ಗೊತ್ತಾಗಲ್ಲ, ‘ಇದರಲ್ಲಿ ವಿವರ ಜಾಸ್ತಿ ಇದೆ’ ಅಂತ ಅನ್ನಿಸುತ್ತೆ. ಅಂಗಡಿಯವರು ದುಬಾರಿ ಪೆಟ್ಟಿಗೆಯ ವಾಲ್ಯೂಮನ್ನು ಕೊಂಚ ಏರಿಸಿ ಕೇಳಿಸಿದರೆ ನಿಮ್ಮ ದುಡ್ಡು ಹೋಯ್ತು ಅಂತಲೇ ತಿಳಿಯಿರಿ.

ನಿಮ್ಮ ಹತ್ತಿರ ಮಲ್ಟಿಮೀಟರ್ ಇರುತ್ತೆ, ಅಲ್ವಾ? ಎರಡು ಡಾಂಗಲ್ ಹೋಲಿಸೋಕೆ ಅದು ಸಾಕು. ಫೋನ್‌ನಲ್ಲಿ 50 ಹರ್ಟ್ಜ್‌ನ ಟೋನ್ ಹಾಕಿ. ಅಗ್ಗದ ಮೀಟರ್‌ಗಳು ಕರೆಂಟಿನ 50 ಹರ್ಟ್ಜ್ ಸುತ್ತಲೇ ಸರಿಯಾಗಿ ಓದೋದು, ಅದಕ್ಕೇ ಈ ಅಂಕಿ. ಒಂದು ಹಳೆಯ ಇಯರ್‌ಫೋನ್ ವೈರ್ ಕತ್ತರಿಸಿ ಅದರ ಪ್ಲಗ್ ಹಾಕಿ, ಎಡ ತಂತಿಗೂ ಗ್ರೌಂಡ್‌ಗೂ ಎಸಿ ವೋಲ್ಟೇಜ್ ಅಳೆಯಿರಿ. ಮೊದಲ ಡಾಂಗಲ್‌ನಲ್ಲಿ 0.200 ವೋಲ್ಟ್ ಬಂದರೆ ಎರಡನೆಯದರಲ್ಲೂ ವಾಲ್ಯೂಮ್ ಹೊಂದಿಸಿ ಅದೇ ತನ್ನಿ. 1 ಡೆಸಿಬಲ್ ಅಂದರೆ ವೋಲ್ಟೇಜ್‌ನಲ್ಲಿ ಸುಮಾರು 12 ಶೇಕಡಾ, 0.1 ಡೆಸಿಬಲ್ ಅಂದರೆ ಸುಮಾರು 1 ಶೇಕಡಾ. ಒಂದು ಶೇಕಡಾ ಒಳಗೆ ತಂದ ಮೇಲೆ, ಮನೆಯವರ ಕೈಯಲ್ಲಿ ಡಾಂಗಲ್ ಬದಲಾಯಿಸಿಕೊಂಡು, ಯಾವುದು ಅಂತ ನೋಡದೆ ಗುರುತಿಸಿ. ಬಹಳ ಸಲ ವ್ಯತ್ಯಾಸ ಮಾಯವಾಗಿರುತ್ತೆ. ಸಾವಿರಾರು ರೂಪಾಯಿ ಉಳಿಸುವ ಪರೀಕ್ಷೆ ಇದು. ಎರಡು ಇಯರ್‌ಫೋನ್‌ಗಳನ್ನು ಮಾತ್ರ ಹೀಗೆ ಮೀಟರ್‌ನಲ್ಲಿ ಹೊಂದಿಸೋಕಾಗಲ್ಲ, ಗಾಯಕರ ದನಿ ಎರಡರಲ್ಲೂ ಅಷ್ಟೇ ಜೋರು ಅನ್ನಿಸುವ ತನಕ ಕಿವಿಯಿಂದಲೇ ಹೊಂದಿಸಬೇಕು.

ಫೈಲ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 1982ರಲ್ಲಿ ಬಂದ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಮನುಷ್ಯರ ಕಿವಿಗೆ ಸಾಕಾಗುವಷ್ಟಿದೆ. ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3ಗೂ, ಏನನ್ನೂ ಕಳೆಯದೆ ಇಡುವ ಫ್ಲ್ಯಾಕ್ ಫೈಲ್‌ಗೂ ಕಣ್ಣು ಮುಚ್ಚಿ ವ್ಯತ್ಯಾಸ ಹೇಳುವವರು ತುಂಬ ಕಡಿಮೆ. ಆದರೆ ಒಂದೇ ಕಛೇರಿಯನ್ನು ಯಾರೋ ಕ್ಯಾಸೆಟ್‌ನಿಂದ ತೆಗೆದು, ಇನ್ನ್ಯಾರೋ ಅದನ್ನು ಇಳಿಸಿಕೊಂಡು ಮತ್ತೆ ಏರಿಸಿದ ಪ್ರತಿಗೂ, ಕಂಪನಿಯೇ ಹೊರಡಿಸಿದ ಪ್ರತಿಗೂ ಆಕಾಶ ಭೂಮಿ ವ್ಯತ್ಯಾಸ ಇರುತ್ತೆ. ಒಳ್ಳೆಯ ಪ್ರತಿ ಹುಡುಕೋದರಲ್ಲಿ ಸಮಯ ಹಾಕಿ. ಬ್ಲೂಟೂತ್ ಬಗ್ಗೆಯೂ ಇಷ್ಟೇ. ಹಾಡನ್ನು ಕುಗ್ಗಿಸಿ ಕಳಿಸುವ ಎಎಸಿ, ಎಲ್‌ಡ್ಯಾಕ್ ಪದ್ಧತಿಗಳೆಲ್ಲ ಸಾಕಷ್ಟು ಚೆನ್ನಾಗಿವೆ, ಎಲ್‌ಡ್ಯಾಕ್ ಅಂತೂ ಸೆಕೆಂಡಿಗೆ 990 ಕಿಲೋಬಿಟ್ ತನಕ ಹೋಗುತ್ತೆ. ನಿಮ್ಮ ಗೆಳೆಯ ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ವೈರ್‌ಲೆಸ್‌ನ ಸಣ್ಣ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತೆ, ಅದರ ಜೊತೆ ಇಡೀ ಸೆಟ್ ಹೋಗುತ್ತೆ. ಕಾಸ್ ಕಂಪನಿಯ ಪೋರ್ಟಾ ಪ್ರೊ ಹೆಡ್‌ಫೋನ್ 1984ರದು, ಎಚ್‌ಡಿ 600 1997ರದು, ಇವತ್ತಿಗೂ ಹೊಸದಾಗಿ ಮಾರುತ್ತಿದ್ದಾರೆ, ಬಿಡಿಭಾಗ ಸಿಗುತ್ತವೆ. ಕೂಡಿಟ್ಟ ದುಡ್ಡಿನ ಮೊದಲ ಖರೀದಿ ಬಾಳಿಕೆ ಬರಬೇಕು.

ಇಯರ್‌ಫೋನ್ ತಗೊಂಡು ಒಂದೆರಡು ವಾರ ಹಾಗೇ ಕೇಳಿ, ಆಮೇಲೆ ಈಕ್ವಲೈಜರ್, ಅಂದರೆ ಬೇರೆ ಬೇರೆ ದನಿಗಳನ್ನು ಏರಿಸಿ ಇಳಿಸುವ ಸಾಧನ ಮುಟ್ಟಿ. ಆ್ಯಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಅನ್ನೋ ಆ್ಯಪ್ ಇದೆ, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಇದೆ. ವೇವ್‌ಲೆಟ್‌ನಲ್ಲಿ ಸಾವಿರಾರು ಮಾದರಿಗಳಿಗೆ ಮೊದಲೇ ಮಾಡಿಟ್ಟ ತಿದ್ದುಪಡಿ ಸಿಗುತ್ತೆ, ನಿಮ್ಮ ಮಾದರಿ ಆರಿಸಿ. ಕೈಯಾರೆ ಮಾಡುವುದಾದರೆ ಕಡಿಮೆ ಇದ್ದದ್ದನ್ನು ಏರಿಸೋದಕ್ಕಿಂತ ಜಾಸ್ತಿ ಇದ್ದದ್ದನ್ನು ಇಳಿಸಿ. ಏರಿಸಲೇಬೇಕಾದರೆ ಏರಿಸಿದಷ್ಟನ್ನೇ ಪ್ರೀಆ್ಯಂಪ್‌ನಲ್ಲಿ (ಆ್ಯಪ್‌ನಲ್ಲಿ ಒಟ್ಟು ಮಟ್ಟ ಇಳಿಸುವ ಜಾಗ) ಕಳೆಯಿರಿ, ಇಲ್ಲಾಂದರೆ ಜೋರಾದ ಜಾಗದಲ್ಲಿ ದನಿ ಒಡೆಯುತ್ತೆ. ಎರಡು ಡೆಸಿಬಲ್ ಬದಲಾವಣೆ ಏನೆಲ್ಲ ಮಾಡುತ್ತೆ ಅಂತ ಕಿವಿಗೆ ಒಮ್ಮೆ ಗೊತ್ತಾದರೆ ಹೊಸ ಹೆಡ್‌ಫೋನ್ ಬೇಕು ಅನ್ನೋ ಚಡಪಡಿಕೆ ಅರ್ಧ ಇಳಿಯುತ್ತೆ. ಬೆಳ್ಳಿ ಕೇಬಲ್, ನೂರು ಗಂಟೆ ಓಡಿಸಿ ಪಳಗಿಸೋದು, ಇವಕ್ಕೆ ಒಂದು ರೂಪಾಯಿ ಬೇಡ, ಒಂದು ನಿಮಿಷವೂ ಬೇಡ. ಪಳಗೋದು ಹೆಚ್ಚಾಗಿ ನಮ್ಮ ಕಿವಿಯೇ. ಕೇಬಲ್ ಹಾಳಾದರೆ ಬದಲಾಯಿಸೋಕೆ ಬರುವಂಥ 0.78 ಎಂಎಂ ಎರಡು ಪಿನ್ನಿನದು ಸಿಕ್ಕರೆ ಒಳ್ಳೆಯದು, ಅಷ್ಟು ನೋಡಿಕೊಳ್ಳಿ.

ನಮ್ಮ ಕಡೆಯ ಬಿಸಿಲು, ಧೂಳು, ಜೊತೆಗೆ ನಿಮ್ಮ ಮನೆಯಲ್ಲಿ ಹಾರುವ ನೂಲಿನ ಜುಂಗು, ಇವು ಮೂರೂ ಇಯರ್‌ಫೋನ್‌ಗೆ ಆಗಲ್ಲ. ಕೇಳಿ ಆದ ಮೇಲೆ ಮೂತಿಯ ಜಾಲರಿಯನ್ನು ಒಣ ಬಟ್ಟೆಯಿಂದ ಒರೆಸಿ, ಮುಚ್ಚಳ ಇರುವ ಡಬ್ಬಿಯಲ್ಲಿ ಇಡಿ, ಚಪ್ಪಲಿ ಬಾಕ್ಸ್‌ನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದು ಒಳಗಿರಲಿ. ಟಿಪ್ ಬಿಚ್ಚಿ ಸೋಪು ನೀರಲ್ಲಿ ತೊಳೆಯಬಹುದು, ಇಯರ್‌ಫೋನಿಗೆ ಮಾತ್ರ ನೀರು ಸೋಕಬಾರದು. ಒಂದು ಕಡೆ ಸದ್ದು ಕಡಿಮೆಯಾದರೆ ಡ್ರೈವರ್ ಹೋಯ್ತು ಅಂತ ಎಸೆಯಬೇಡಿ, ಹೆಚ್ಚಿನ ಸಲ ಜಾಲರಿಗೆ ಕಿವಿಯ ಗುಗ್ಗೆ ಕಟ್ಟಿರುತ್ತೆ. ರಸ್ತೆ ದಾಟುವಾಗ, ಬೈಕ್ ಓಡಿಸುವಾಗ ಹಾಕಬೇಡಿ.

ದುಡ್ಡಿನ ಲೆಕ್ಕ ಈಗ ಸುಲಭ. ಇಯರ್‌ಫೋನ್‌ಗೆ ಎರಡು ಸಾವಿರ ಆಸುಪಾಸು, ಬೇಕಾದರೆ ಡಾಂಗಲ್‌ಗೆ ಸಾವಿರ, ಫೋಮ್ ಟಿಪ್ ಮತ್ತು ಇಯರ್‌ಪ್ಲಗ್‌ಗೆ ಇನ್ನೊಂದಿಷ್ಟು. ಆರು ಸಾವಿರಕ್ಕೂ ಜಾಸ್ತಿ ಉಳಿಯುತ್ತೆ. ಉಳಿದದ್ದನ್ನು ಮುಟ್ಟಬೇಡಿ. ಆರು ತಿಂಗಳು ಒಂದೇ ಇಯರ್‌ಫೋನ್‌ನಲ್ಲಿ ಕೇಳಿ, ನಿಮಗೆ ಏನು ಕಡಿಮೆ ಅನ್ನಿಸುತ್ತೆ ಅಂತ ಮಾತಿನಲ್ಲಿ ಹೇಳೋಕೆ ಬರುವ ತನಕ ಎರಡನೆಯದು ಬೇಡ. ‘ತಂಬೂರಿ ಮೇಲೆ ತೆರೆಯಲ್ಲ’ ಅಂತ ಹೇಳೋಕೆ ಬಂದರೆ ಮುಂದಿನ ಖರೀದಿ ತಾನೇ ಗೊತ್ತಾಗುತ್ತೆ. ಅಷ್ಟರಲ್ಲಿ ಬೇರೆ ಬೇರೆ ಹೆಡ್‌ಫೋನ್ ಕಿವಿಗೆ ಹಾಕಿ ನೋಡುವ ಅವಕಾಶ ಬಿಡಬೇಡಿ. ನಮ್ಮ ಕಡೆ ಕೇಳಿ ನೋಡಿ ಕೊಳ್ಳುವಂಥ ಅಂಗಡಿಗಳು ಕಡಿಮೆ, ಆದರೆ ಜಾನಪದ ಹಾಡು ರೆಕಾರ್ಡ್ ಮಾಡುವ ಸಣ್ಣ ಸ್ಟುಡಿಯೊಗಳು, ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವವರು ಈಗ ಊರೂರಿಗೂ ಇದ್ದಾರೆ. ಅವರ ಹತ್ತಿರ ಸ್ಟುಡಿಯೊದ ಹೆಡ್‌ಫೋನ್ ಇರುತ್ತೆ. ಕೆಲಸ ಇಲ್ಲದ ಹೊತ್ತು ನೋಡಿ ಹೋಗಿ, ಹತ್ತು ನಿಮಿಷ ಕೇಳ್ತೀನಿ ಅಣ್ಣಾ ಅಂದರೆ ಯಾರೂ ಇಲ್ಲ ಅನ್ನಲ್ಲ.

ಆ 300 ಓಮ್‌ನ ಹೆಡ್‌ಫೋನ್ ವಿಷಯ. ಮುಂದೆ ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಓದೋಕೆ ಹೋಗಿ ಗದ್ದಲ ಇಲ್ಲದ ಒಂದು ಕೋಣೆ ಸಿಕ್ಕರೆ ಅದೇ ಜಾತಿಯದನ್ನು ಖಂಡಿತ ಹುಡುಕಿ, ಆಗ ಒಂದು ಸಣ್ಣ ಆ್ಯಂಪ್‌ಗೂ ಅರ್ಥ ಇರುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹೊಸದರ ಬೆಲೆಗಿಂತ ತೀರಾ ಕಡಿಮೆ ಹೇಳಿದರೆ ಅನುಮಾನ ಪಡಿ, ಹೆಸರಿನ ಕಂಪನಿಗಳ ನಕಲಿ ಬಹಳ ಓಡಾಡುತ್ತವೆ. ಮಾರುವವರ ಮನೆಗೆ ಮಲ್ಟಿಮೀಟರ್ ತಗೊಂಡು ಹೋಗಿ. ಪ್ಲಗ್‌ನ ತುದಿಗೂ ಬುಡಕ್ಕೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ, ಆಮೇಲೆ ನಡುವಿನ ಉಂಗುರಕ್ಕೂ ಬುಡಕ್ಕೂ. ಎರಡೂ ಹೆಚ್ಚುಕಮ್ಮಿ ಒಂದೇ ಬರಬೇಕು, 300 ಓಮ್‌ನದು ಅಂತ ಹೇಳಿದ್ದು 30 ತೋರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಸರಿ ಬಂದರೆ 20 ಹರ್ಟ್ಜ್‌ನಿಂದ ಮೆಲ್ಲಗೆ ಏರುವ ಟೋನ್ ಹಾಕಿ, ಒಂದು ಕಪ್‌ನಲ್ಲಿ ಮಾತ್ರ ಜಿರ್ ಅನ್ನೋದು ಇದೆಯಾ, ದನಿ ಒಂದು ಕಡೆಗೆ ವಾಲುತ್ತಾ ಅಂತ ಕೇಳಿಸಿಕೊಳ್ಳಿ. ಜಿರ್ ಅಂದರೆ ಒಳಗೆ ಕೂದಲು ಸಿಕ್ಕಿರಬಹುದು, ಕುಶನ್ ಬಿಚ್ಚಿ ತೋರಿಸೋಕೆ ಹೇಳಿ. ಕುಶನ್ ಚಪ್ಪಟೆಯಾಗಿದ್ದರೆ ಹೊಸ ಜೊತೆಯ ಬೆಲೆಯನ್ನು ಕಳೆದು ಚೌಕಾಸಿ ಮಾಡಿ.